ಹುಬ್ಬಳ್ಳಿಯಿಂದ ಐಟಿಪಿಎಲ್‌ಗೆ: ಮನೆ ವೈಟ್‌ಫೀಲ್ಡ್ ಕಡೆ ಮಾಡೋದೋ, ಕೆಂಗೇರಿ ಕಡೆಯೋ?

ವಿದ್ಯಾನಗರ_ಹುಬ್ಬಳ್ಳಿ

ಎಲ್ಲರಿಗೂ ನಮಸ್ಕಾರ ರೀ. ಏಪ್ರಿಲ್‌ನಲ್ಲಿ ಬೆಂಗಳೂರಲ್ಲಿ ಹೊಸ ಕೆಲಸಕ್ಕೆ ಸೇರುತ್ತಿದ್ದೇನೆ. ಆಫೀಸು ವೈಟ್‌ಫೀಲ್ಡ್ ಕಡೆಯ ಐಟಿಪಿಎಲ್ ಟೆಕ್ ಪಾರ್ಕ್ ಒಳಗೆ. ವಾರಕ್ಕೆ ಮೂರು ದಿನ ಹೋಗಬೇಕು, ಎರಡು ದಿನ ಮನೆಯಿಂದ ಕೆಲಸ. ಮಗಳು ಜೂನ್‌ಗೆ ಮೂರನೇ ಕ್ಲಾಸು. ಅತ್ತೆ ನಮ್ಮ ಜೊತೆ ಬರುತ್ತಾರೆ. ಅವರಿಗೆ ಮೊಣಕಾಲು ನೋವು, ಮೆಟ್ಟಿಲು ಆಗುವುದಿಲ್ಲ. ಯಜಮಾನರ ಅಂಗಡಿ ಹುಬ್ಬಳ್ಳಿಯಲ್ಲೇ ಇದೆ, ಅವರು ವಾರದ ಕೊನೆಗೆ ಬಂದು ಹೋಗುತ್ತಾರೆ.

ಎರಡು ಬೆಡ್‌ರೂಮ್ ಸಾಕು. ಮೆಂಟೆನೆನ್ಸ್ ಸೇರಿ 30 ಸಾವಿರದ ಒಳಗೆ ಆಗಬೇಕು.

ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಗೆಳತಿಯರು ವೈಟ್‌ಫೀಲ್ಡಲ್ಲೇ ಇರು ಅಂತಾರೆ. ನಾದಿನಿ ಕೆಂಗೇರಿ ಉಪನಗರದಲ್ಲಿ ಇದ್ದಾರೆ. ಅತ್ತೆಗೆ ಮಗಳ ಹತ್ತಿರ ಇರುವ ಆಸೆ. ಮೆಟ್ರೋ ಒಂದೇ ಲೈನು, ಹತ್ತಿ ಕೂತರೆ ಆಫೀಸಿನ ಮುಂದೆ ಇಳಿಯುವುದು ಅಂತ ನಾದಿನಿಯ ವಾದ. ಯಜಮಾನರು ಹೊಸಕೋಟೆ ನೋಡು, ಬಾಡಿಗೆ ಕಡಿಮೆ ಅಂತಾರೆ. ನನಗೆ ಬೆಂಗಳೂರು ಅಂದರೆ ಮೆಜೆಸ್ಟಿಕ್ ಮತ್ತು ಯಶವಂತಪುರ ಅಷ್ಟೇ ಗೊತ್ತು. ಯಾರಾದರೂ ದಾರಿ ತೋರಿಸಿ.

ನೇರಳೆ_ಮಾರ್ಗ

ಕೆಂಗೇರಿಯಿಂದ ವೈಟ್‌ಫೀಲ್ಡಿಗೆ ದಿನಾ ಹೋಗುವವನು ನಾನು. ನಿಮ್ಮ ನಾದಿನಿ ಹೇಳಿದ್ದು ಸುಳ್ಳಲ್ಲ. 2023ರ ಅಕ್ಟೋಬರ್‌ನಲ್ಲಿ ಬೈಯಪ್ಪನಹಳ್ಳಿ–ಕೆ.ಆರ್.ಪುರ ತುಂಡು ಸೇರಿದ ಮೇಲೆ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಒಂದೇ ರೈಲು. 43 ಕಿ.ಮೀ. ಚಿಲ್ಲರೆ, 37 ನಿಲ್ದಾಣ. ನೀವು ಇಳಿಯಬೇಕಾದ್ದು ಪಟ್ಟಂದೂರು ಅಗ್ರಹಾರ, ಅಲ್ಲಿಂದ ಐಟಿಪಿಎಲ್‌ಗೆ ನಡೆದೇ ಹೋಗಬಹುದು.

ಆದರೆ ರೈಲಲ್ಲೇ ಒಂದೂಕಾಲು ಗಂಟೆ ಹತ್ತಿರ ಆಗುತ್ತದೆ. ಮನೆಯಿಂದ ಸ್ಟೇಷನ್ನಿಗೆ, ಸ್ಟೇಷನ್ನಿನ ಮೆಟ್ಟಿಲು, ಬ್ಯಾಗ್ ತಪಾಸಣೆ, ಆಫೀಸಿನ ಗೇಟು, ಲಿಫ್ಟು ಎಲ್ಲ ಸೇರಿಸಿದರೆ ಒಂದು ಮುಕ್ಕಾಲು ಗಂಟೆ ಅಂತ ಇಟ್ಟುಕೊಳ್ಳಿ. ಬೆಳಿಗ್ಗೆ ಕೆಂಗೇರಿಯಲ್ಲಿ ಹತ್ತಿದರೆ ಸೀಟು ಸಿಗುತ್ತದೆ. ಮೆಜೆಸ್ಟಿಕ್ ಬಂದ ಮೇಲೆ ಕಾಲಿಡಲು ಜಾಗ ಇರಲ್ಲ, ಆದರೆ ನೀವು ಕೂತಿರುತ್ತೀರಿ. ಸಂಜೆ ಮಾತ್ರ ಸೀಟಿನ ಖಾತ್ರಿ ಇಲ್ಲ. ನಿಂತುಕೊಂಡು ಅಷ್ಟು ದೂರ ಬರುವುದು ಬೇರೆಯೇ ಕಥೆ.

ದುಡ್ಡಿನ ಲೆಕ್ಕವೂ ಹಾಕಿ. 2025ರ ಫೆಬ್ರವರಿಯಲ್ಲಿ ದರ ಏರಿಸಿದಾಗ ಗರಿಷ್ಠ ಟಿಕೆಟ್ 60ರಿಂದ 90 ರೂಪಾಯಿಗೆ ಹೋಯಿತು. ಕೆಂಗೇರಿಯಿಂದ ಅಲ್ಲಿಗೆ ಆ ಗರಿಷ್ಠವೇ. ಹೋಗಿಬರಲು 180. ಕಾರ್ಡಿಗೆ ಸ್ವಲ್ಪ ರಿಯಾಯಿತಿ ಇದೆ, ಅದರಿಂದ ದೊಡ್ಡ ವ್ಯತ್ಯಾಸ ಆಗಲ್ಲ.

ಹೊಸಕೋಟೆ_ಹೈಕಳು

ಹೊಸಕೋಟೆ ಬಗ್ಗೆ ನಾನು ಹೇಳಬೇಕು, ಇಲ್ಲೇ ಹುಟ್ಟಿದವನು. ಬಾಡಿಗೆ ಕಡಿಮೆ, ನಿಜ. ಕಾಡುಗೋಡಿ ದೂರವೂ ಅಲ್ಲ. ಆದರೆ ಮೆಟ್ರೋ ಇಲ್ಲಿಗೆ ಬರಲ್ಲ. ಗಂಡ ಹುಬ್ಬಳ್ಳಿಯಲ್ಲಿ, ನೀವು ಆಫೀಸಲ್ಲಿ, ಮನೆಯಲ್ಲಿ ವಯಸ್ಸಾದವರು ಮತ್ತು ಸಣ್ಣ ಮಗು. ರಾತ್ರಿ ಏನಾದರೂ ಆದರೆ ಸ್ವಂತ ಗಾಡಿ ಬೇಕೇ ಬೇಕು. ಕಾರ್ ಓಡಿಸ್ತೀರಾ ಅಕ್ಕ?

ಭಾನುವಾರ ಬೆಳಗಿನ ಜಾವ ಬಿರಿಯಾನಿಗೆ ಕ್ಯೂ ನಿಲ್ಲಲು ಇಡೀ ಬೆಂಗಳೂರು ಇಲ್ಲಿಗೆ ಬರುತ್ತದೆ. ಆ ಹೊತ್ತಿನ ಖಾಲಿ ರಸ್ತೆ ನೋಡಿ "ಅರ್ಧ ಗಂಟೇಲಿ ಬಂದ್ವಿ, ಇಲ್ಲೇ ಮನೆ ಮಾಡೋಣ" ಅನ್ನುತ್ತಾರೆ. ಸೋಮವಾರ ಒಂಬತ್ತಕ್ಕೆ ಬಂದು ನೋಡಲಿ.

ವಿದ್ಯಾನಗರ_ಹುಬ್ಬಳ್ಳಿ

ಸ್ಕೂಟಿ ಓಡಿಸ್ತೀನಿ. ಕಾರ್ ಇಲ್ಲ. ಹೊಸಕೋಟೆ ಕೈಬಿಟ್ಟೆ ರೀ, ಯಜಮಾನರಿಗೆ ನಿಮ್ಮ ಬಿರಿಯಾನಿ ಮಾತು ಓದಿ ಹೇಳಿದೆ.

ಟ್ಯಾಂಕರ್_ಸಾಕಾಯ್ತು

ಎಲ್ಲರೂ ರೈಲಿನ ಲೆಕ್ಕ ಹೇಳ್ತಿದ್ದೀರಿ, ನೀರಿನ ಮಾತೇ ಇಲ್ಲ. ವೈಟ್‌ಫೀಲ್ಡ್ ಪಕ್ಕದ ಮಹದೇವಪುರ ಕಡೆ ಇಷ್ಟು ವರ್ಷ ಇದ್ದವಳು ನಾನು. ಮನೆ ನೋಡುವಾಗ ನಾನು ಮೊದಲು ಕೇಳುವುದು ಬಾಡಿಗೆ ಅಲ್ಲ, ನೆಲದಡಿಯ ಸಂಪ್ ಟ್ಯಾಂಕಿಗೆ ನೀರು ಎಲ್ಲಿಂದ ಬರುತ್ತದೆ ಅಂತ.

ಹಿನ್ನೆಲೆ ಗೊತ್ತಿರಲಿ. 2007ರಲ್ಲಿ ಸುತ್ತಲಿನ 110 ಹಳ್ಳಿಗಳನ್ನು ನಗರಕ್ಕೆ ಸೇರಿಸಿದರು. ಮನೆಗಳು, ಟೆಕ್ ಪಾರ್ಕ್‌ಗಳು ಎದ್ದವು, ಕಾವೇರಿ ಬರಲಿಲ್ಲ. ಬೋರ್‌ವೆಲ್ ಮತ್ತು ಟ್ಯಾಂಕರ್ ಮೇಲೆಯೇ ಬದುಕು. 2024ರ ಫೆಬ್ರವರಿ, ಮಾರ್ಚ್‌ನಲ್ಲಿ ಬೋರ್‌ವೆಲ್‌ಗಳು ಕೈಕೊಟ್ಟಾಗ ಟ್ಯಾಂಕರಿನವರು ಹೇಳಿದ್ದೇ ರೇಟು. ಆಮೇಲೆ ಜಿಲ್ಲಾಡಳಿತ ದರ ಕಟ್ಟಬೇಕಾಯಿತು: ಐದು ಕಿ.ಮೀ. ಒಳಗೆ 6 ಸಾವಿರ ಲೀಟರ್‌ಗೆ 600 ರೂಪಾಯಿ, 12 ಸಾವಿರ ಲೀಟರ್‌ಗೆ 1000. ಆ ದರಕ್ಕೆ ಫೋನ್ ಮಾಡಿದರೆ ಆಗ ಎಷ್ಟು ಟ್ಯಾಂಕರ್ ಬರುತ್ತಿತ್ತು ಅನ್ನುವುದು ಇಲ್ಲಿಯವರಿಗೆಲ್ಲ ಗೊತ್ತು.

ಅದೇ ವರ್ಷ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಶುರುವಾಯಿತು. ದಿನಕ್ಕೆ 775 ದಶಲಕ್ಷ ಲೀಟರ್, ಮುಖ್ಯವಾಗಿ ಈ 110 ಹಳ್ಳಿಗಳಿಗೇ. ಆದರೆ ಬೀದಿಯಲ್ಲಿ ಪೈಪ್ ಇರುವುದು ಬೇರೆ, ಬಿಲ್ಡಿಂಗಿಗೆ ಕನೆಕ್ಷನ್ ಇರುವುದು ಬೇರೆ. ಓನರ್ ದುಡ್ಡು ಕಟ್ಟಿ ಕನೆಕ್ಷನ್ ತಗೊಂಡಿರಬೇಕು. "ಕಾವೇರಿ ಇದೆ ಮೇಡಂ" ಅಂದರೆ ನಂಬಬೇಡಿ. ಜಲಮಂಡಳಿ ಬಿಲ್ ತೋರಿಸಿ ಅನ್ನಿ. ಬಿಲ್ ತೋರಿಸದವರ ಮನೆಗೆ ಕಾವೇರಿ ಇಲ್ಲ, ಅಷ್ಟೇ.

ನೀವು ಏಪ್ರಿಲ್‌ನಲ್ಲಿ ಹುಡುಕುತ್ತಿರುವುದು ಒಳ್ಳೆಯದೇ ಆಯಿತು. ನೀರಿನ ನಿಜ ಬಯಲಾಗುವ ತಿಂಗಳು ಅದು. ಬೀದಿಯ ಇಸ್ತ್ರಿ ಅಂಗಡಿಯವರನ್ನು ಕೇಳಿ. ಯಾವ ಬಿಲ್ಡಿಂಗಿನ ಮುಂದೆ ವಾರಕ್ಕೆ ಎಷ್ಟು ಟ್ಯಾಂಕರ್ ನಿಲ್ಲುತ್ತದೆ ಅಂತ ಬ್ರೋಕರ್‌ಗಿಂತ ಚೆನ್ನಾಗಿ ಹೇಳುತ್ತಾರೆ.

ಕೆಂಗೇರಿ_ಕಡೆಯವಳು

ಅದಕ್ಕೇ ಹೇಳೋದು, ನಮ್ಮ ಕಡೆ ಬನ್ನಿ ಅಂತ. ಉಪನಗರದಲ್ಲಿ ಕಾವೇರಿ ಇದೆ, ಪಾರ್ಕ್ ಇದೆ, ಅಗಲವಾದ ರಸ್ತೆ ಇದೆ. ಗ್ರೌಂಡ್ ಫ್ಲೋರ್ ಮನೆ ಸಿಗುತ್ತದೆ, ನಿಮ್ಮ ಅತ್ತೆಗೆ ಲಿಫ್ಟ್ ಚಿಂತೆ ಇಲ್ಲ. ಬೆಳಿಗ್ಗೆ ಸೊಪ್ಪಿನವರು ಮನೆ ಮುಂದೆ ಬರುತ್ತಾರೆ. ಪಕ್ಕದ ಮನೆಯವರ ಜೊತೆ ಕನ್ನಡದಲ್ಲಿ ಮಾತಾಡಬಹುದು. ವಯಸ್ಸಾದವರಿಗೆ ಇದು ಸಣ್ಣ ವಿಷಯ ಅಲ್ಲ. ಅಪಾರ್ಟ್‌ಮೆಂಟಿನ ಹನ್ನೊಂದನೇ ಮಹಡಿಯಲ್ಲಿ ಕೂತು ಯಾರ ಹತ್ತಿರ ಮಾತಾಡಬೇಕು ಅವರು?

ವೃಷಭಾವತಿ_ದಂಡೆ

ಮೈಸೂರು ರಸ್ತೆಯ ಗಾಳಿಯ ಬಗ್ಗೆಯೂ ಒಂದು ಮಾತು ಹೇಳಿಬಿಡಿ ಅಕ್ಕ. ಸಂಜೆ ಹೊತ್ತು ಮೂಗು ಮುಚ್ಚಿಕೊಂಡೇ ಹೋಗೋದು.

ಕೆಂಗೇರಿ_ಕಡೆಯವಳು

ಅದು ವೃಷಭಾವತಿ ಹೊಳೆ ಪಕ್ಕದವರಿಗೆ. ಉಪನಗರದ ಒಳಗೆ ಅಷ್ಟಿಲ್ಲ. ಬೆಳ್ಳಂದೂರು ಕೆರೆಯ ನೊರೆಗಿಂತ ವಾಸಿ ಬಿಡಿ.

ಹೂಡಿ_ಹಾಲ್ಟ್

ನೀರು, ನೆರೆಹೊರೆ ಎಲ್ಲ ಸರಿ. ಆದರೆ ಮುಖ್ಯವಾದ ಒಂದು ಪ್ರಶ್ನೆ ಯಾರೂ ಕೇಳಲಿಲ್ಲ. ಅಕ್ಕಾರೆ, ನಿಮ್ಮ ಟೀಮು ಯಾವ ದೇಶದ ಜೊತೆ ಕೆಲಸ ಮಾಡುತ್ತದೆ? ಮೀಟಿಂಗ್‌ಗಳು ಎಷ್ಟು ಹೊತ್ತಿಗೆ?

ಯಾಕೆ ಕೇಳ್ತಿದ್ದೇನೆ ಅಂದರೆ, ಐಟಿಪಿಎಲ್ ಸುತ್ತ ತುಂಬಾ ಜನ ಹನ್ನೊಂದಕ್ಕೆ ಬಂದು ಎಂಟಕ್ಕೆ ಹೊರಡುವವರು. ಅಮೆರಿಕಾದ ಜೊತೆ ಕೆಲಸ ಇದ್ದರೆ ಸಂಜೆ ಏಳರ ಕಾಲ್ ತಪ್ಪಲ್ಲ. ಎಂಟಕ್ಕೆ ಹೊರಟರೆ ಕೆಂಗೇರಿ ಮನೆ ಬಾಗಿಲಿಗೆ ಬರುವಾಗ ಒಂಬತ್ತೂ ಮುಕ್ಕಾಲು. ಮೂರನೇ ಕ್ಲಾಸಿನ ಮಗು ಮಲಗಿರುತ್ತದೆ. ಬೆಳಿಗ್ಗೆ ಅದು ಸ್ಕೂಲಿಗೆ ಹೋಗುವ ಗಡಿಬಿಡಿ. ಹಾಗಾದರೆ ಆ ಮೂರು ದಿನ ಮಗಳ ಜೊತೆ ಕೂತು ಮಾತಾಡೋದು ಯಾವಾಗ?

ದೂರ ಎಷ್ಟು ಅಂತ ಎಲ್ಲರೂ ಕೇಳುತ್ತಾರೆ. ಎಷ್ಟು ಹೊತ್ತಿಗೆ ಮನೆ ಸೇರುತ್ತೇನೆ ಅನ್ನುವುದರ ಮೇಲೆ ಮನೆ ಆರಿಸಿ. ಎಂಟರಿಂದ ಐದರ ಕೆಲಸ ಆದರೆ ಕೆಂಗೇರಿ ಖಂಡಿತ ಆಗುತ್ತದೆ. ಹನ್ನೊಂದರಿಂದ ಎಂಟು ಅಂದರೆ ಆಗಲ್ಲ. ಆಫರ್ ಲೆಟರ್‌ನಲ್ಲಿ "ಜನರಲ್ ಶಿಫ್ಟ್" ಅಂತ ಬರೆದಿರುತ್ತಾರೆ, ಅದನ್ನು ನಂಬಬೇಡಿ. ಎಚ್‌ಆರ್‌ನವರನ್ನಲ್ಲ, ನಿಮ್ಮ ಮ್ಯಾನೇಜರ್‌ನ್ನೇ ಕೇಳಿ. ಸಾಧ್ಯವಾದರೆ ಅದೇ ಟೀಮಿನಲ್ಲಿ ಮಕ್ಕಳಿರುವ ಒಬ್ಬರನ್ನು ಕೇಳಿ.

ವಿದ್ಯಾನಗರ_ಹುಬ್ಬಳ್ಳಿ

ಇದು ನನ್ನ ತಲೆಗೇ ಹೊಳೆದಿರಲಿಲ್ಲ. ಇವತ್ತೇ ಕೇಳ್ತೀನಿ.

ಸ್ಕೂಲ್_ಬಸ್_ಅಮ್ಮ

ಮಗಳ ಸ್ಕೂಲ್ ಬಗ್ಗೆ ನಾನು. ಈಗ ರಾಜ್ಯ ಪಠ್ಯಕ್ರಮ ಇದ್ದರೆ ಅದನ್ನೇ ಮುಂದುವರಿಸುವ ಶಾಲೆಯೋ, ಸಿಬಿಎಸ್‌ಇಯೋ ಮೊದಲು ತೀರ್ಮಾನಿಸಿ. ವೈಟ್‌ಫೀಲ್ಡ್ ಸುತ್ತ ಸಿಬಿಎಸ್‌ಇ, ಐಸಿಎಸ್‌ಇ ಶಾಲೆಗಳೇ ಕಣ್ಣಿಗೆ ಬೀಳೋದು, ಫೀಸು ಹುಬ್ಬಳ್ಳಿಯದಕ್ಕೆ ಹೋಲಿಸಿದರೆ ಎದೆ ಒಡೆಯುತ್ತದೆ. ಹಳೆ ಊರುಗಳಾದ ಕಾಡುಗೋಡಿ, ಹೂಡಿ, ಕೆ.ಆರ್.ಪುರದ ಒಳಗೆ ರಾಜ್ಯ ಪಠ್ಯಕ್ರಮದ ಸಾಧಾರಣ ಶಾಲೆಗಳಿವೆ. ಜಾಹೀರಾತು ಹಾಕಲ್ಲ, ಹುಡುಕಬೇಕು. ಕನ್ನಡ ಬಿಟ್ಟುಹೋಗುತ್ತದೆ ಅನ್ನುವ ಭಯ ಬೇಡ. ರಾಜ್ಯದಲ್ಲಿ ಯಾವ ಬೋರ್ಡ್ ಆದರೂ ಕನ್ನಡವನ್ನು ಮೊದಲ ಅಥವಾ ಎರಡನೇ ಭಾಷೆಯಾಗಿ ಕಲಿಸಬೇಕು ಅಂತ 2015ರ ಕಾಯ್ದೆಯೇ ಇದೆ. ಕಲಿಸುವ ಶ್ರದ್ಧೆ ಶಾಲೆಯಿಂದ ಶಾಲೆಗೆ ಬೇರೆ.

ಟಿಸಿ ತಗೊಳ್ಳುವಾಗ ಸ್ಯಾಟ್ಸ್ ನಂಬರ್ (ಶಾಲಾ ಮಕ್ಕಳ ಗುರುತಿನ ಸಂಖ್ಯೆ) ಸರಿಯಾಗಿದೆಯಾ, ಮಗಳ ಹೆಸರಿನ ಕಾಗುಣಿತ ಆಧಾರ್‌ನಲ್ಲಿ ಇದ್ದ ಹಾಗೇ ಇದೆಯಾ ನೋಡಿಕೊಳ್ಳಿ. ಇಲ್ಲಿಗೆ ಬಂದ ಮೇಲೆ ತಿದ್ದಿಸಲು ಮತ್ತೆ ಹುಬ್ಬಳ್ಳಿಗೆ ಓಡಬೇಕು.

ಮತ್ತೆ ಇನ್ನೊಂದು. ಶಾಲೆ ನಡೆದು ಹೋಗುವಷ್ಟು ಹತ್ತಿರ ಇರಲಿ. ಸ್ಕೂಲ್ ಬಸ್ಸು ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಾಗ ಅತ್ತೆ ಗೇಟಿನ ಹತ್ತಿರ ಎಷ್ಟು ಹೊತ್ತು ನಿಲ್ಲುತ್ತಾರೆ? ಪಣತ್ತೂರು, ವರ್ತೂರು, ಗುಂಜೂರು ಕಡೆ ಮನೆ ತೋರಿಸಿದರೆ ಶಾಲೆ ಬಿಡುವ ಹೊತ್ತಿಗೆ ಒಂದು ಸಲ ಆ ರಸ್ತೆ ನೋಡಿ.

ಮಾಲೂರು_ಮೆಮು

ಮೆಟ್ರೋ ಒಂದೇ ಅಲ್ಲ ಸ್ವಾಮಿ. ಮಾರಿಕುಪ್ಪಂ, ಬಂಗಾರಪೇಟೆ ಕಡೆಯಿಂದ ದಿನಾ ಸಾವಿರಾರು ಜನ ರೈಲಲ್ಲಿ ಬರುತ್ತೇವೆ. ಮಾಲೂರು, ವೈಟ್‌ಫೀಲ್ಡ್, ಕೆ.ಆರ್.ಪುರ, ಪಾಸ್ ಮಾಡಿಸಿದರೆ ತಿಂಗಳ ಖರ್ಚು ನಿಮ್ಮ ಒಂದೆರಡು ಆಟೋದಷ್ಟು. ವೈಟ್‌ಫೀಲ್ಡ್ ರೈಲ್ವೆ ಸ್ಟೇಷನ್ ಪಕ್ಕವೇ ಮೆಟ್ರೋ ಕೊನೆಯ ನಿಲ್ದಾಣ. ಮಾಲೂರಲ್ಲಿ ಇಡೀ ಮನೆ ಸಿಗುತ್ತದೆ ನಿಮ್ಮ ಅರ್ಧ ಬಜೆಟ್‌ಗೆ.

ಹೂಡಿ_ಹಾಲ್ಟ್

ಗಂಡಸರು ಒಬ್ಬರೇ ಇದ್ದರೆ ಸರಿ ಅಣ್ಣ. ಆ ಜನರಲ್ ಬೋಗಿಯ ನೂಕಾಟ ನನಗೂ ಗೊತ್ತು. ಒಂದು ರೈಲು ತಪ್ಪಿದರೆ ಮುಂದಿನದು ಯಾವಾಗ ಅಂತ ಕಾಯೋದು ಅವರಿಗೆ ಆಗಲ್ಲ.

ಮಾಲೂರು_ಮೆಮು

ನಮ್ಮ ಬೋಗಿಯಲ್ಲಿ ಹೆಂಗಸರು ಸೊಪ್ಪು ಬಿಡಿಸಿಕೊಂಡು ಬರ್ತಾರೆ. ಆಗಲ್ಲ ಅನ್ನೋದು ಅಭ್ಯಾಸದ ಮಾತು.

ರಾಜಕಾಲುವೆ

ಏಪ್ರಿಲ್‌ನಲ್ಲಿ ನೀರಿನ ಬರ ಕಾಣುತ್ತದೆ, ನೀರಿನ ಕಾಟ ಕಾಣಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಸರ್ಜಾಪುರ ರಸ್ತೆಯ ಕೋಟಿ ಕೋಟಿ ಬೆಲೆಯ ಮನೆಗಳವರು ಟ್ರ್ಯಾಕ್ಟರ್ ಹತ್ತಿ ಹೊರಬಂದರು. 2025ರ ಮೇನಲ್ಲಿ ಹೊರಮಾವು ಕಡೆಯ ಸಾಯಿ ಲೇಔಟ್ ಮುಳುಗಿತು. ಅತ್ತೆಗಾಗಿ ಗ್ರೌಂಡ್ ಫ್ಲೋರ್ ಹುಡುಕುತ್ತೀರಲ್ವಾ, ಅದಕ್ಕೇ ಹೇಳ್ತಿದ್ದೇನೆ. ಕಾಂಪೌಂಡ್ ಗೋಡೆಯ ಕೆಳಗೆ ನೀರು ನಿಂತ ಗೆರೆ ಇದೆಯಾ ನೋಡಿ. ಹೊಸ ಬಣ್ಣ ಮೊಣಕಾಲೆತ್ತರಕ್ಕೆ ಮಾತ್ರ ಹೊಡೆದಿದ್ದರೆ ಅಲ್ಲಿಂದ ಎದ್ದು ಬನ್ನಿ.

ವಿದ್ಯಾನಗರ_ಹುಬ್ಬಳ್ಳಿ

ಎಲ್ಲರಿಗೂ ಉತ್ತರ ಬರೆಯಲು ತಡವಾಯಿತು. ಬೆಂಗಳೂರಿಗೆ ಹೋಗಿ ಮನೆ ನೋಡಿ ಬಂದೆ.

ಮೊದಲು ಮ್ಯಾನೇಜರ್ ಹೇಳಿದ್ದು. ಟೀಮು ಇಲ್ಲಿ ಮತ್ತು ಅಮೆರಿಕಾದಲ್ಲಿ ಇದೆ. ವಾರದಲ್ಲಿ ಎರಡು ಮೂರು ದಿನ ಸಂಜೆ ಏಳರಿಂದ ಎಂಟೂವರೆ ಕಾಲ್ ಇರುತ್ತದೆ. ಬೇಗ ಹೊರಟು ಮನೆಯಿಂದ ಕಾಲ್ ತಗೊಳ್ಳಬಹುದು, ಯಾರೂ ಬೇಡ ಅನ್ನಲ್ಲ ಅಂದರು. ಅಂದರೆ ಆರಕ್ಕೆ ಹೊರಟು ಏಳರ ಒಳಗೆ ಮನೆಯಲ್ಲಿ ಕೂತಿರಬೇಕು. ಕೆಂಗೇರಿಯಿಂದ ಅದು ಸಾಧ್ಯವೇ ಇಲ್ಲ. ರೈಲಲ್ಲಿ ನಿಂತು ಕಾಲ್ ಮಾತಾಡೋದು ನನ್ನ ಕೈಲಿ ಆಗುವುದಿಲ್ಲ. ಹೂಡಿ ಹಾಲ್ಟ್ ಅವರೇ, ನೀವು ಕೇಳದಿದ್ದರೆ ನಾನು ಉಪನಗರಕ್ಕೆ ಅಡ್ವಾನ್ಸ್ ಕೊಟ್ಟುಬಿಡುತ್ತಿದ್ದೆ.

ನಾದಿನಿಗೆ ಬೇಜಾರಾಯಿತು. ಅತ್ತೆ ಎರಡು ದಿನ ಮಾತಾಡಲಿಲ್ಲ. ನಂತರ ಅವರೇ ಒಂದು ದಾರಿ ಹುಡುಕಿದರು ನೋಡಿ. ಶುಕ್ರವಾರ ಸಂಜೆ ನಾನು ಅವರನ್ನು ಮೊಮ್ಮಗಳ ಜೊತೆ ಮೆಟ್ರೋ ಹತ್ತಿಸೋದು, ಕೆಂಗೇರಿಯಲ್ಲಿ ಮಗಳು ಇಳಿಸಿಕೊಳ್ಳೋದು. ರೈಲು ಬದಲಿಸುವ ಕೆಲಸ ಇಲ್ಲ. ಸ್ಟೇಷನ್ನಲ್ಲಿ ಲಿಫ್ಟ್ ಇದೆ. ಭಾನುವಾರ ವಾಪಸ್ಸು.

ಮನೆಗಳ ಕಥೆ. ಪಟ್ಟಂದೂರು ಅಗ್ರಹಾರದ ಹತ್ತಿರ ನೋಡಿದ ಅಪಾರ್ಟ್‌ಮೆಂಟುಗಳೆಲ್ಲ ಬಜೆಟ್ ಮೀರಿದವು. ಕಾಡುಗೋಡಿಯಲ್ಲಿ ಒಂದು ಚೆನ್ನಾಗಿತ್ತು, ಜಲಮಂಡಳಿ ಬಿಲ್ ಕೇಳಿದೆ. ಓನರ್ "ಅಪ್ಲೈ ಮಾಡಿದೀವಿ" ಅಂದರು. ಇಸ್ತ್ರಿ ಅಂಗಡಿಯವರು ನಕ್ಕರು. ಹೂಡಿಯ ಹಳೆ ಊರಿನ ಕಡೆ, ಸ್ಟೇಷನ್ನಿಗೆ ನಡೆದು ಹೋಗುವಷ್ಟರಲ್ಲಿ, ಮೂರು ಮಹಡಿಯ ಬಿಲ್ಡಿಂಗಿನಲ್ಲಿ ಒಂದನೇ ಮಹಡಿ ಮನೆ ಸಿಕ್ಕಿದೆ. ಲಿಫ್ಟ್ ಇದೆ. ಕಾವೇರಿ ಬಿಲ್ ತೋರಿಸಿದರು, ಬೋರ್‌ವೆಲ್ಲೂ ಇದೆ. ಬಾಡಿಗೆ 26 ಸಾವಿರ, ನೀರಿಗೆ ಬೇರೆ. ಶಾಲೆ ಎರಡು ಬೀದಿ ಆಚೆ. ಓನರ್ ಹತ್ತು ತಿಂಗಳ ಅಡ್ವಾನ್ಸ್ ಕೇಳುತ್ತಿದ್ದಾರೆ. ಇದು ಇಲ್ಲಿ ಮಾಮೂಲಾ? ಹುಬ್ಬಳ್ಳಿಯಲ್ಲಿ ಇಷ್ಟು ಕೇಳಿದರೆ ಬೈಯ್ತಾರೆ.

ಟ್ಯಾಂಕರ್_ಸಾಕಾಯ್ತು

ಬಿಲ್ ಕೇಳಿದ್ರಲ್ಲ, ಖುಷಿ ಆಯ್ತು!

ಹತ್ತು ತಿಂಗಳು ಹಳೆ ಪದ್ಧತಿ, ಈಗ ಅನೇಕರು ಐದು ಆರಕ್ಕೆ ಒಪ್ಪುತ್ತಾರೆ. ನೀವು ಸಂಸಾರಸ್ಥರು, ಸುಮ್ನೆ ಬಿಟ್ಟುಕೊಡಬೇಡಿ, ಐದರಿಂದ ಮಾತು ಶುರು ಮಾಡಿ. ಬ್ಯಾಂಕ್ ಮೂಲಕವೇ ಕೊಡಿ, ಮೊತ್ತ ಅಗ್ರಿಮೆಂಟಿನಲ್ಲಿ ಇರಲಿ. ಬಿಡುವಾಗ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಹಿಡಿಯುತ್ತಾರೆ. ನನ್ನ ಹಿಂದಿನ ಓನರ್ ಅದರ ಮೇಲೆ ನಲ್ಲಿ, ಕಿಟಕಿ ಗಾಜು ಅಂತ ಇನ್ನೂ ಹಿಡಿದರು. ಅದಕ್ಕೆ ಬೀಗದ ಕೈ ತಗೊಂಡ ದಿನವೇ ಪ್ರತಿ ಕೋಣೆಯ ವಿಡಿಯೋ ಮಾಡಿ ಅವರಿಗೇ ವಾಟ್ಸಾಪ್ ಮಾಡಿಬಿಡಿ.

ಕೋರ್ಟು_ಕಚೇರಿ

ಅಗ್ರಿಮೆಂಟ್ 11 ತಿಂಗಳಿಗೆ ಮಾಡುತ್ತಾರೆ. ವರ್ಷಕ್ಕಿಂತ ಕಡಿಮೆ ಇದ್ದರೆ ನೋಂದಣಿ ಕಡ್ಡಾಯ ಅಲ್ಲ, ಅದಕ್ಕೆ. ನಿಮಗೂ ಅದು ಒಳ್ಳೆಯದೇ, ಸರಿಹೋಗದಿದ್ದರೆ ಬಿಡಬಹುದು. ನೋಟಿಸ್ ಎಷ್ಟು ತಿಂಗಳು, ಬಾಡಿಗೆ ಏರಿಕೆ ಶೇಕಡಾ ಎಷ್ಟು ಅನ್ನೋದು ಬರೆಸಿಕೊಳ್ಳಿ.

"ಬಾಡಿಗೆ ಯಾಕೆ, 15 ಲಕ್ಷ ಕೊಟ್ಟು ಲೀಸಿಗೆ ಹಾಕಿಕೊಳ್ಳಿ" ಅಂತ ಯಾರಾದರೂ ಬಂದೇ ಬರುತ್ತಾರೆ. ಭೋಗ್ಯದ ಮನೆಯ ಮೇಲೆ ಬ್ಯಾಂಕ್ ಸಾಲ ಇದ್ದು ಓನರ್ ಕಂತು ಕಟ್ಟದಿದ್ದರೆ ಬ್ಯಾಂಕಿನವರು ನೋಟಿಸ್ ಅಂಟಿಸುವುದು ನಿಮ್ಮ ಬಾಗಿಲಿಗೆ. ಋಣಭಾರ ಪತ್ರ ನೋಡದೆ, ನೋಂದಣಿ ಮಾಡಿಸದೆ ಆ ಕಡೆ ತಲೆ ಹಾಕಬೇಡಿ.

ಗೃಹಜ್ಯೋತಿ_ಗೃಹಿಣಿ

ಕರೆಂಟ್ ಬಿಲ್ ಬಗ್ಗೆ ಯಾರೂ ಹೇಳಲಿಲ್ಲ. ಬಾಡಿಗೆದಾರರಿಗೂ ಸರ್ಕಾರದ ಉಚಿತ ಕರೆಂಟಿನ ಗೃಹಜ್ಯೋತಿ ಸಿಗುತ್ತದೆ. ಹುಬ್ಬಳ್ಳಿ ಮನೆ ಯಾರ ಆಧಾರ್‌ಗೆ ಜೋಡಣೆ ಆಗಿದೆ? ಯಜಮಾನರದಾಗಿದ್ದರೆ ಅದನ್ನು ಮುಟ್ಟಬೇಡಿ, ಇಲ್ಲಿ ನಿಮ್ಮ ಆಧಾರ್ ಹಾಕಿ. ನಿಮ್ಮದೇ ಆಗಿದ್ದರೆ ಸೇವಾಸಿಂಧುವಿನಲ್ಲಿ ಅದನ್ನು ಬಿಡಿಸಬೇಕು. ಹಿಂದಿನ ಬಾಡಿಗೆದಾರರು ಈ ಮನೆಯ ಕರೆಂಟ್ ಬಿಲ್ಲಿನ ಆರ್‌ಆರ್ ನಂಬರಿನಿಂದ ತಮ್ಮ ಆಧಾರ್ ಬಿಡಿಸಿದ್ದಾರಾ ಅಂತಲೂ ಓನರ್‌ನ್ನು ಕೇಳಿ. ಅದು ಆಗದೆ ನಿಮ್ಮದು ಏರಲ್ಲ. ನಾವು ಅದಕ್ಕಾಗಿ ಹಳಬರನ್ನು ಹುಡುಕಿಕೊಂಡು ಹೋಗಿದ್ದೆವು.

ಕೆಂಗೇರಿ_ಕಡೆಯವಳು

ನಮ್ಮ ಕಡೆ ಬರಲಿಲ್ಲ, ಇರಲಿ. ಆದರೆ ಶುಕ್ರವಾರ ಸಂಜೆ ಆರರ ರೈಲಿಗೆ ಮೊಣಕಾಲು ನೋವಿರುವ ಅಜ್ಜಿಯನ್ನು, ಮಗುವನ್ನು ಹತ್ತಿಸ್ತೀರಾ? ಹೂಡಿಗೆ ಬರುವಾಗಲೇ ಅದು ತುಂಬಿರುತ್ತದೆ. ಶನಿವಾರ ಬೆಳಿಗ್ಗೆ ಕಳಿಸಿ. ಮಧ್ಯಾಹ್ನದ ಊಟಕ್ಕೆ ಮಗಳ ಮನೇಲಿ ಇರ್ತಾರೆ.

ನೇರಳೆ_ಮಾರ್ಗ

ಶನಿವಾರವೇ ಸರಿ. ಯಜಮಾನರ ಬಗ್ಗೆಯೂ ಒಂದು ಮಾತು. ಹುಬ್ಬಳ್ಳಿ ಬಸ್ಸು, ರೈಲು ತುಮಕೂರು ರಸ್ತೆ ಕಡೆಯಿಂದ ಬರುವುದರಿಂದ ಯಶವಂತಪುರದಲ್ಲಿ ಇಳಿದು ಹಸಿರು ಮಾರ್ಗ ಹತ್ತಲಿ, ಮೆಜೆಸ್ಟಿಕ್‌ನಲ್ಲಿ ಬದಲಿಸಿದರೆ ನೇರ ಹೂಡಿ. ಭಾನುವಾರ ಮಾತ್ರ ಮೆಟ್ರೋ ಶುರುವಾಗುವುದು ತಡ, ಆ ದಿನ ಬೆಳಗಿನ ಜಾವ ಇಳಿದರೆ ಸ್ಟೇಷನ್ ಹೊರಗೇ ಕೂರಬೇಕು. ಶುಕ್ರವಾರ ರಾತ್ರಿ ಹೊರಟು ಶನಿವಾರ ಬೆಳಿಗ್ಗೆ ಬಂದರೆ ಆ ತಾಪತ್ರಯ ಇಲ್ಲ.

ವಿದ್ಯಾನಗರ_ಹುಬ್ಬಳ್ಳಿ

ಅವರು ಶನಿವಾರ ಬೆಳಿಗ್ಗೆ ಬರೋದು, ಅತ್ತೆ ಶನಿವಾರ ಬೆಳಿಗ್ಗೆ ಹೋಗೋದು! ತಾಯಿ ಮಗ ಮೆಜೆಸ್ಟಿಕ್‌ನಲ್ಲಿ ಭೇಟಿ ಆಗಬೇಕೇನೋ. ಅತ್ತೆ ಎರಡು ವಾರಕ್ಕೊಮ್ಮೆ ಹೋಗಲಿ ಅಂತ ಈಗ ಮಾತಾಗಿದೆ.

ಓನರ್ ಆರು ತಿಂಗಳಿಗೆ ಇಳಿದಿದ್ದಾರೆ. ಐದೂವರೆ ಕೇಳಿ ನೋಡ್ತೀನಿ. ವಿಡಿಯೋ ಮಾಡಲು ಯಜಮಾನರಿಗೆ ಹೇಳಿದ್ದೇನೆ. ಕರೆಂಟ್ ಅವರ ಆಧಾರ್‌ದೇ, ಪುಣ್ಯ. ಹೂಡಿಯಲ್ಲಿ ಜೋಳದ ರೊಟ್ಟಿ ಮಾಡಿಕೊಡುವವರು ಯಾರಾದರೂ ಇದ್ದರೆ ತಿಳಿಸಿ ರೀ. ಆ ಮೂರು ದಿನ ರೊಟ್ಟಿ ತಟ್ಟೋಕೆ ನನ್ನಿಂದಾಗುವುದಿಲ್ಲ, ಅತ್ತೆಗೆ ನಿಲ್ಲಲು ಆಗುವುದಿಲ್ಲ.

ಹೂಡಿ_ಹಾಲ್ಟ್

ಇದ್ದಾರೆ. ಗದಗ ಕಡೆಯವರು, ಹಿಂದಿನ ದಿನ ಸಂಜೆ ಹೇಳಿದರೆ ಬೆಳಿಗ್ಗೆ ಎಂಟಕ್ಕೆ ಕೊಡುತ್ತಾರೆ. ಮನೆಗೆ ಬಂದ ಮೇಲೆ ಇಲ್ಲೇ ಮೆಸೇಜ್ ಮಾಡಿ, ನಂಬರ್ ಕಳಿಸ್ತೀನಿ. ಶೇಂಗಾ ಚಟ್ನಿ ಬೇರೆ ಹೇಳಬೇಕು.